ಹಳೇ ಮದುವೆ ಸೀರೆಗಳನ್ನು ಇನ್ನು ಬಾಡಿಗೆಗೆ ಕೊಡುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಆಷಾಢದ ಮೊದಲ ದಿನದಿಂದ ನಮ್ಮ ಮೈಸೂರಿನ ಅಂಗಡಿಯಲ್ಲಿ ಹಳೇ ರೇಷ್ಮೆ ಸೀರೆಗಳು ಬಾಡಿಗೆಗೆ ಸಿಗುವುದಿಲ್ಲ. ಹಳೇದು ಅಂದರೆ ಮೂವತ್ತು ವರ್ಷ ದಾಟಿದ್ದು. ಮಾರಾಟ ಇರುತ್ತದೆ. ರಿಪೇರಿ ಇರುತ್ತದೆ, ಮೊದಲಿಗಿಂತ ಜಾಸ್ತಿಯೇ ಇರುತ್ತದೆ. ಬಾಡಿಗೆ ಮಾತ್ರ ಇಲ್ಲ.

ಶ್ರಾವಣದ ಮದುವೆಗಳಿಗೆ ಆಗಲೇ ಮುಂಗಡ ಕೊಟ್ಟಿರುವ ಹನ್ನೊಂದು ಮನೆಯವರಿಗೆ ನಾನೇ ಒಬ್ಬೊಬ್ಬರಿಗೆ ಫೋನ್ ಮಾಡುತ್ತಿದ್ದೇನೆ. ಹಣ ಪೂರ್ತಿ ವಾಪಸ್ ಬೇಕೆಂದರೆ ಅವತ್ತೇ ಕೊಡುತ್ತೇನೆ. ಆರಿಸಿಟ್ಟ ಸೀರೆಯೇ ಬೇಕು, ಕೊಂಡುಕೊಳ್ಳುತ್ತೇವೆ ಅನ್ನುವವರಿಗೆ ಮುಂಗಡದ ಜೊತೆ ಇನ್ನೊಂದು ಸಾವಿರ ಬೆಲೆಯಲ್ಲಿ ಕಳೆಯುತ್ತೇನೆ. ಮಾತು ತಪ್ಪಿದವಳು ನಾನು, ಅದಕ್ಕೆ ಆ ಸಾವಿರ.

ಯಾಕೆ ಈಗ, ಯಾಕೆ ಹೀಗೆ ಅಂತ ಕೇಳುತ್ತೀರಿ. ಹೇಳುತ್ತೇನೆ.

ನಮ್ಮಲ್ಲಿ ಒಂದು ಬದನೆಕಾಯಿ ಬಣ್ಣದ ಕಂಚಿ ಸೀರೆ ಇತ್ತು. ನಿಮ್ಮಲ್ಲಿ ಬಹಳ ಜನ ಅದನ್ನು ಮುಟ್ಟಿ ನೋಡಿದ್ದೀರಿ. ಬಾಗಿಲ ಎದುರಿನ ಗಾಜಿನ ಬೀರುವಿನಲ್ಲಿ ಇರುತ್ತಿತ್ತಲ್ಲ, ಅಂಗೈ ಅಗಲದ ಅಂಚು, ಸೆರಗಿನ ತುಂಬ ಜರಿ. 1968ರ ಮದುವೆಯ ಸೀರೆ. ಐದು ವರ್ಷದ ಹಿಂದೆ ನಂಜನಗೂಡಿನ ಒಬ್ಬ ಅಜ್ಜಿ ಕೊಟ್ಟಿದ್ದು. ಹದಿನೆಂಟು ಸಾವಿರ ಎಣಿಸಿಕೊಂಡು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾ ಅವರು ಹೇಳಿದ್ದು ಒಂದೇ ಮಾತು: "ಸುಡೋರಿಗೆ ಮಾತ್ರ ಕೊಡ್ಬೇಡ ಕಣಮ್ಮ."

ಸುಡುವವರು ಅಂದರೆ ಯಾರು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳೇ ಜರಿ ಸೀರೆ ಕೊಳ್ಳುತ್ತೇವೆ ಅಂತ ಬೀದಿಯಲ್ಲಿ ಕೂಗಿಕೊಂಡು ಬರುತ್ತಾರೆ. ತೂಕಕ್ಕೆ ತಗೊಂಡು ಹೋಗುತ್ತಾರೆ. ಸುಟ್ಟರೆ ರೇಷ್ಮೆ ಬೂದಿಯಾಗಿ ಜರಿಯೊಳಗಿನ ಬೆಳ್ಳಿ ಉಳಿಯುತ್ತದೆ. 2025ರಲ್ಲಿ ಬೆಳ್ಳಿ ಕೆಜಿಗೆ ಒಂದೂವರೆ ಲಕ್ಷ ದಾಟಿತು ನೋಡಿ, ಆಮೇಲಂತೂ ನಮ್ಮ ಬೀದಿಗೆ ಅವರು ವಾರಕ್ಕೆ ಎರಡು ಸಲ ಬರುತ್ತಿದ್ದಾರೆ. ನಾನು ಈ ಅಂಗಡಿ ಇಟ್ಟಿದ್ದೇ ಅವರಿಗಿಂತ ಒಂದು ರೂಪಾಯಿ ಜಾಸ್ತಿ ಕೊಟ್ಟು ಸೀರೆಯನ್ನು ಸೀರೆಯಾಗಿ ಉಳಿಸೋಣ ಅಂತ.

ಆ ಸೀರೆಯನ್ನು ಒಂಬತ್ತು ಮದುವೆಗೆ ಬಾಡಿಗೆ ಕೊಟ್ಟೆ. ಒಂದು ಮದುವೆಗೆ ನಾಲ್ಕೂವರೆ ಸಾವಿರ. ನಾಲ್ಕನೇ ಮದುವೆಗೇ ಹಾಕಿದ ದುಡ್ಡು ಬಂದುಬಿಟ್ಟಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಏಳನೇ ಮದುವೆಯಿಂದ ವಾಪಸ್ ಬಂದಾಗ ಒಡಲಿನಲ್ಲಿ, ಮಡಿಕೆ ಬೀಳುವ ಕಡೆ, ಕೂದಲೆಳೆಯಷ್ಟು ಸಣ್ಣ ಗೆರೆ ಕಂಡಿತು. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತಿತ್ತು. ನೋಡಿದೆ. ಹಿಂದಿನಿಂದ ಸ್ವಲ್ಪ ನೆಟ್ ಹಾಕಿಸಿ ಮತ್ತೆ ಬೀರುವಿನಲ್ಲಿ ಇಟ್ಟೆ. ಸೀಸನ್ನು, ಕೇಳುವವರು ಜಾಸ್ತಿ, ಅದೂ ಎಲ್ಲರಿಗೂ ಅದೇ ಬೇಕು.

ಕಳೆದ ವೈಶಾಖದಲ್ಲಿ ಒಂಬತ್ತನೇ ಮದುವೆ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಹುಡುಗಿಯ ತಾಯಿಯ ಫೋನ್. ಸೂಜಿ ಡಬ್ಬ ತಗೊಂಡು ಸ್ಕೂಟರ್‌ನಲ್ಲಿ ಛತ್ರಕ್ಕೆ ಓಡಿದೆ. ಗೌರಿ ಪೂಜೆಗೆ ಕೂತ ಹುಡುಗಿ ಹೂವು ಏರಿಸಲು ಮುಂದಕ್ಕೆ ಬಗ್ಗಿದ್ದಾಳೆ, ಮಂಡಿಯ ಹತ್ತಿರ ಸೀರೆ ಟರ್ ಅಂದಿದೆ. ನಾನು ಹೋಗುವಷ್ಟರಲ್ಲಿ ಸೋದರತ್ತೆ ಅವಳ ಮಡಿಲ ಮೇಲೆ ಒಂದು ಶಲ್ಯ ಹೊದಿಸಿದ್ದರು. ತೆಗೆದು ನೋಡಿದರೆ ನೆರಿಗೆಯ ಗೆರೆಯುದ್ದಕ್ಕೂ ಮುಕ್ಕಾಲು ಮೊಳ, ಸ್ಕೇಲ್ ಇಟ್ಟು ಬ್ಲೇಡಲ್ಲಿ ಕೊಯ್ದ ಹಾಗೆ. ಪಕ್ಕದ ನೆರಿಗೆಯನ್ನು ಬೆರಳಲ್ಲಿ ಮುಟ್ಟಿದೆ, ಅದೂ ಬಿಟ್ಟುಕೊಂಡಿತು. ಸೂಜಿ ಚುಚ್ಚಲು ಜಾಗವೇ ಇರಲಿಲ್ಲ.

ಆ ಹುಡುಗಿ ಅಳಲಿಲ್ಲ. ನನ್ನ ಕಿವಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಆಂಟಿ, ಡೆಪಾಸಿಟ್ ಹೋಯ್ತಾ?"

ಮದುವೆ ದಿನ, ಗೌರಿ ಮುಂದೆ ಕೂತು, ಅವಳು ಹತ್ತು ಸಾವಿರದ ಚಿಂತೆ ಮಾಡುವ ಹಾಗೆ ಮಾಡಿದ್ದು ನನ್ನ ಅಂಗಡಿ. ಡೆಪಾಸಿಟ್ಟನ್ನೂ ಬಾಡಿಗೆಯನ್ನೂ ಅಲ್ಲೇ ವಾಪಸ್ ಕಳಿಸಿದೆ. ಪುಣ್ಯಕ್ಕೆ ಧಾರೆ ಸೀರೆ ಬೇರೆ ಇತ್ತು. ಅದನ್ನು ಯಾರೂ ಬಾಡಿಗೆಗೆ ತರುವುದಿಲ್ಲ. ಅದನ್ನೇ ಒಂದು ಗಂಟೆ ಮೊದಲು ಉಡಿಸಿದರು.

ತಪ್ಪು ಯಾರದು ಅಂತ ಆಮೇಲೆ ನಮ್ಮಲ್ಲೇ ಚರ್ಚೆ ಆಯಿತು. ಈಗೆಲ್ಲ ಸೀರೆ ಉಡಿಸುವವರು ಹಿಂದಿನ ರಾತ್ರಿಯೇ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಪಿನ್ ಹಾಕಿ ಡಬ್ಬದಲ್ಲಿ ಇಟ್ಟಿರುತ್ತಾರೆ. ಬೆಳಿಗ್ಗೆ ಐದೇ ನಿಮಿಷದಲ್ಲಿ ಉಡಿಸಿಬಿಡುತ್ತಾರೆ. ನೆರಿಗೆ ಗರಿಗರಿಯಾಗಿ ನಿಲ್ಲಲಿ ಅಂತ ಕೂದಲು ನೇರ ಮಾಡುವ ಸ್ಟ್ರೈಟನರ್‌ನಲ್ಲಿ ಒಂದೊಂದೇ ನೆರಿಗೆಯನ್ನು ಒತ್ತುತ್ತಾರೆ. ಆ ಸ್ಟ್ರೈಟನರ್ 200 ಡಿಗ್ರಿವರೆಗೂ ಕಾಯುತ್ತದೆ. ರೇಷ್ಮೆಗೆ ಇಸ್ತ್ರಿ ಪೆಟ್ಟಿಗೆಯ ಬಿಸಿ 150 ದಾಟಬಾರದು. ಹೊಸ ಸೀರೆ ಹೇಗೋ ತಡೆದುಕೊಳ್ಳುತ್ತದೆ. ಐವತ್ತು ವರ್ಷ ಬೆವರು, ಧೂಳು, ಬಿಸಿಲು ಕುಡಿದ ರೇಷ್ಮೆ, ಅದೂ ಪೆಟ್ಟಿಗೆಯಲ್ಲಿ ಒಂದೇ ಮಡಿಕೆಯಲ್ಲಿ ಕೂತಿದ್ದದ್ದು, ಹಪ್ಪಳದ ಹಾಗಾಗುತ್ತದೆ.

ಹಾಗಂತ ಸೀರೆ ಉಡಿಸಿದವರ ಮೇಲೆ ಹಾಕುವುದು ಸುಲಭ. ಅವರು ಎಲ್ಲ ಸೀರೆಗೂ ಮಾಡುವುದನ್ನೇ ಇದಕ್ಕೂ ಮಾಡಿದರು. ಗೆರೆ ನೋಡಿಯೂ ಕೊಟ್ಟವಳು ನಾನು.

ಬಾಡಿಗೆ ಅಂದರೆ ಹಾಗೇ ಅಲ್ವಾ. ಸೀರೆ ನಮ್ಮ ಕೈ ಬಿಟ್ಟ ಮೇಲೆ ಯಾರು ಉಡಿಸುತ್ತಾರೆ, ಎಷ್ಟು ಪಿನ್ನು, ಎಷ್ಟು ಸೆಂಟು, ಊಟಕ್ಕೆ ಕೂತಾಗ ಸೆರಗು ಎಲ್ಲಿರುತ್ತದೆ, ಒಂದೂ ಗೊತ್ತಾಗುವುದಿಲ್ಲ. ವಾಪಸ್ ಬಂದಮೇಲೆ ಇನ್ನೊಂದು ಮದುವೆಗೆ ಎಂಟೇ ದಿನ. ಅಷ್ಟರಲ್ಲಿ ಪಾಲಿಶ್, ಮತ್ತೆ ಇಸ್ತ್ರಿ. ತನ್ನ ಸೀರೆ ಅಂತ ಕೊಂಡುಕೊಂಡವರು ಹೀಗೆ ದುಡಿಸುವುದಿಲ್ಲ. ವರ್ಷಕ್ಕೊಂದು ಸಲ ಗೌರಿ ಹಬ್ಬಕ್ಕೆ ಉಡುತ್ತಾರೆ, ಸಂಜೆ ಹಗ್ಗದ ಮೇಲೆ ಗಾಳಿಗೆ ಹಾಕುತ್ತಾರೆ.

ಇನ್ನು ಮುಂದೆ ಏನೇನು ಸಿಗುತ್ತದೆ ಅಂತ ಹೇಳಬೇಕು.

ಹಳೇ ಸೀರೆ ಕೊಳ್ಳುವವರಿಗೆ ನಾನು ಸೀರೆಯ ಮೇಲೆ ಒಂದು ಚೀಟಿ ಬರೆದು ಕೊಡುತ್ತೇನೆ. ಉಡುವಂಥದ್ದು, ಜೋಪಾನವಾಗಿ ಉಡುವಂಥದ್ದು, ನೋಡುವಂಥದ್ದು. ಮೂರನೆಯದನ್ನು ದಯವಿಟ್ಟು ಮದುವೆಗೆ ಕೇಳಬೇಡಿ, ಎಷ್ಟು ಚೆನ್ನಾಗಿದ್ದರೂ ಕೊಡುವುದಿಲ್ಲ. ಅದರ ಅಂಚು, ಸೆರಗು ಗಟ್ಟಿಯಿದ್ದರೆ ಹೊಸ ರೇಷ್ಮೆಯ ಮೇಲೆ ಕೂರಿಸಿಕೊಡಬಹುದು. ಲೆಹೆಂಗಾಕ್ಕೆ ಕತ್ತರಿಸಿಕೊಡಿ ಅಂತ ತಿಂಗಳಿಗೆ ನಾಲ್ಕು ಜನವಾದರೂ ಬರುತ್ತಾರೆ. ಒಡಲು ಪೂರ್ತಿ ಹೋಗಿದ್ದರೆ ಮಾತ್ರ ಕತ್ತರಿ. ಗಟ್ಟಿ ಸೀರೆಗೆ ಕತ್ತರಿ ಹಾಕಲು ನನ್ನ ಕೈ ಬರುವುದಿಲ್ಲ, ಬೇರೆ ಕಡೆ ಮಾಡಿಸಿಕೊಳ್ಳಿ, ಬೇಜಾರಿಲ್ಲ.

ನಾನು ಜಾಸ್ತಿ ಹೇಳಬೇಕೆಂದಿರುವುದು ರಿಪೇರಿ ಬಗ್ಗೆ. ಅಂಗಡಿಗೆ ಬಾಡಿಗೆ ಸೀರೆ ಕೇಳಿಕೊಂಡು ಬರುವ ಹುಡುಗಿಯರನ್ನು ನಾನು ಮಾತಿಗೆಳೆಯುತ್ತೇನೆ. ಹತ್ತರಲ್ಲಿ ಆರು ಜನರ ಮನೆಯಲ್ಲಿ ಅಮ್ಮನದೋ ಅಜ್ಜಿಯದೋ ಮುಹೂರ್ತದ ಸೀರೆ ಇದ್ದೇ ಇರುತ್ತದೆ. "ಅದು ಹರಿದಿದೆ ಆಂಟಿ." "ಕಪ್ಪಾಗಿದೆ." "ಅಮ್ಮನ ಬ್ಲೌಸ್ ನಂಗೆ ಆಗಲ್ಲ." ಇಷ್ಟೇ ಕಾರಣ. ಮನೆಯ ಸೀರೆ ಬೀರುವಿನಲ್ಲಿಟ್ಟು ಇನ್ನೊಬ್ಬರ ಅಜ್ಜಿಯ ಸೀರೆಗೆ ಬಾಡಿಗೆ ಕಟ್ಟುತ್ತಿದ್ದರು, ನಾನೂ ತಗೊಳ್ಳುತ್ತಿದ್ದೆ. ಇನ್ನು ಮೇಲೆ ಆ ಸೀರೆಯನ್ನೇ ತನ್ನಿ.

ತಂದರೆ ಏನು ಮಾಡುತ್ತೇವೆ? ಮೊದಲು ಕಿಟಕಿಯ ಹತ್ತಿರ ಇಬ್ಬರು ಹಿಡಿದು ಬೆಳಕಿಗೆ ನೋಡುತ್ತೇವೆ. ಕಂಚಿ ಸೀರೆಯಾದರೆ ಒಡಲಿಗೆ ಸೆರಗು ಸೇರುವ ಜಾಗ, ಇಳಕಲ್ ಆದರೆ ಕೊಂಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಎಳೆಎಳೆಯಾಗಿ ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಸಾಲು ಗಟ್ಟಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಮೈಸೂರು ಸಿಲ್ಕ್ ತಂದವರು ಪುಣ್ಯವಂತರು. ಅದು ಕ್ರೇಪ್, ನೂಲಿಗೆ ಹುರಿ ಜಾಸ್ತಿ, ಹಾಗಾಗಿ ಮಡಿಕೆ ಗೆರೆ ಅಷ್ಟಾಗಿ ಕೂರುವುದಿಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ನಮ್ಮೂರ ಕಾರ್ಖಾನೆಯ ಸೀರೆಗಳಲ್ಲಿ ಅಜ್ಜಿ ಕಾಲದ್ದನ್ನು ಮೊಮ್ಮಗಳು ಉಟ್ಟು ಓಡಾಡುವುದನ್ನು ನಾನೇ ನೋಡಿದ್ದೇನೆ. ಊರಿನ ಅಭಿಮಾನ ಅಂದುಕೊಳ್ಳಿ, ಪರವಾಗಿಲ್ಲ.

ಜರಿ ನಿಜವೋ ಅಂತ ಎಲ್ಲರೂ ಕೇಳುತ್ತಾರೆ. ಸೆರಗಿನ ಹಿಂದೆ ಬಿಟ್ಟುಕೊಂಡ ಒಂದು ಎಳೆ ತೆಗೆದು ಉಗುರಿನಲ್ಲಿ ಕೆರೆದು ನೋಡಿ. ಒಳಗೆ ಕೆಂಪು ರೇಷ್ಮೆ ದಾರ ಕಂಡರೆ ಸಾಮಾನ್ಯವಾಗಿ ಅದು ಬೆಳ್ಳಿ ಜರಿ. ಕಪ್ಪಾಗಿದೆ ಅಂತ ಹೆದರಬೇಡಿ, ಬೆಳ್ಳಿ ಆದ್ದರಿಂದಲೇ ಕಪ್ಪಾಗಿದೆ. ದೇವರ ಸಾಮಾನಿನ ಹಾಗೆ ಪುಡಿ ಹಾಕಿ ಉಜ್ಜಲು ಮಾತ್ರ ಹೋಗಬೇಡಿ. ಹಾಗೆ ಉಜ್ಜಿ ತಂದ ಒಂದು ಸೆರಗಿನಲ್ಲಿ ಚಿನ್ನದ ನೀರು ಪೂರ್ತಿ ಹೋಗಿ ಅಲ್ಯೂಮಿನಿಯಂ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಅದಕ್ಕೆ ನಮ್ಮಲ್ಲಿ ಔಷಧ ಇಲ್ಲ.

ಸೀರೆ ನೋಡಿದ ಮೇಲೆ ರಫೂ ಮಾಡುವವರ ಕೈಗೆ. ನಮ್ಮಲ್ಲಿ ಇರುವುದು ಇಬ್ಬರೇ. ಅದೇ ಸೀರೆಯ ಒಳಗಡೆಯಿಂದ, ಸೊಂಟಕ್ಕೆ ಸಿಕ್ಕಿಸುವ ತುದಿಯಿಂದ ಎಳೆ ಕಿತ್ತು, ಅದೇ ಎಳೆಯಲ್ಲಿ ತೂತು ತುಂಬುತ್ತಾರೆ. ರೂಪಾಯಿ ಅಗಲದ ತೂತಿಗೆ ಒಂದು ಇಡೀ ದಿನ ಬೇಕು. ಅದಕ್ಕೇ ಮದುವೆಗೆ ಎರಡು ತಿಂಗಳು ಮುಂಚೆ ಬನ್ನಿ ಅನ್ನುವುದು. ಲಗ್ನಪತ್ರಿಕೆ ಹಂಚುವಾಗ ಬಂದರೆ ನನ್ನಿಂದ ಆಗುವುದಿಲ್ಲ. ರಫೂ, ಹಿಂದೆ ಪೂರ್ತಿ ನೆಟ್, ಫಾಲ್ಸ್, ಹೊಸ ಕುಚ್ಚು, ಎಲ್ಲ ಸೇರಿ ಮೂರು ಸಾವಿರದಿಂದ ಶುರು. ಸೀರೆ ನೋಡದೆ ಫೋನಲ್ಲಿ ರೇಟು ಹೇಳುವುದಿಲ್ಲ. ಬ್ಲೌಸ್ ಆಗಲ್ಲ ಅನ್ನುವವರಿಗೆ ಅಮ್ಮನ ಬ್ಲೌಸಿನ ತೋಳಿನ ಅಂಚು ಬಿಡಿಸಿ ಹೊಸ ಬ್ಲೌಸಿಗೆ ಹಾಕಿಕೊಡುತ್ತೇವೆ.

ಹದಿನೆಂಟು ಮೊಳದ ಸೀರೆ ತರುವವರಿಗೆ ಒಂದು ಮಾತು. ಕಚ್ಚೆ ಉಡಲು ಬರುವುದಿಲ್ಲ, ಆರು ಗಜ ಉಳಿಸಿ ಮಿಕ್ಕದ್ದನ್ನು ಕತ್ತರಿಸಿ ಅನ್ನುತ್ತೀರಿ. ಕತ್ತರಿಸುವ ಮುಂಚೆ ಒಂದು ಭಾನುವಾರ ಬನ್ನಿ. ನಮ್ಮ ಅತ್ತೆ ಅಂಗಡಿಯಲ್ಲಿ ಇರುತ್ತಾರೆ, ಉಡಿಸಿ ತೋರಿಸುತ್ತಾರೆ, ದುಡ್ಡು ತಗೊಳ್ಳುವುದಿಲ್ಲ. ಕಾಫಿ ಕೊಡದೆ ಕಳಿಸುವುದೂ ಇಲ್ಲ.

ರಿಸೆಪ್ಷನ್ ಲೆಹೆಂಗಾ, ಗಂಡಿನ ರೇಷ್ಮೆ ಪಂಚೆ, ಶಲ್ಯ, ಮೈಸೂರು ಪೇಟ, ಇವೆಲ್ಲ ಮೊದಲಿನ ಹಾಗೆಯೇ ಬಾಡಿಗೆಗೆ ಸಿಗುತ್ತವೆ. ಹದಿನೈದು ವರ್ಷದೊಳಗಿನ ಇಪ್ಪತ್ತೆರಡು ಸೀರೆಗಳನ್ನೂ ಬಾಡಿಗೆಗೆ ಇಟ್ಟಿದ್ದೇನೆ. ಅದಕ್ಕೂ ಒಂದು ಷರತ್ತು. ಸ್ಟ್ರೈಟನರ್ ಮುಟ್ಟಿಸಬಾರದು. ಉಡಿಸುವವರ ಫೋನ್ ನಂಬರ್ ಕೊಟ್ಟರೆ ನಾನೇ ಮಾತಾಡುತ್ತೇನೆ.

ಬಾಡಿಗೆ ನಿಂತರೆ ಅಂಗಡಿ ನಡೆಯುತ್ತದಾ ಅಂತ ನಮ್ಮ ಆಡಿಟರ್ ಕೇಳಿದರು. ಹೋದ ವರ್ಷದ ವ್ಯಾಪಾರದಲ್ಲಿ ಹತ್ತಿರ ಹತ್ತಿರ ಅರ್ಧ ಬಾಡಿಗೆಯದೇ. ಅದಕ್ಕೆ ಪಕ್ಕದ ಮಳಿಗೆ ಬಿಟ್ಟುಕೊಡುತ್ತಿದ್ದೇವೆ. ಟ್ರಯಲ್ ರೂಮು ಇನ್ನು ಒಂದೇ. ಶನಿವಾರ ಕಾಯಬೇಕಾಗಬಹುದು, ಬೈದುಕೊಳ್ಳಬೇಡಿ. ರಿಪೇರಿ ರೇಟು ಮುಂದಿನ ಯುಗಾದಿವರೆಗೆ ಏರಿಸುವುದಿಲ್ಲ. ಆಮೇಲಿನದು ಆಮೇಲೆ.

ಬದನೆಕಾಯಿ ಬಣ್ಣದ ಸೀರೆ ಏನಾಯಿತು ಅಂತ ಬಹಳ ಜನ ಕೇಳಿದ್ದೀರಿ. ಒಡಲು ಮುಗಿಯಿತು. ಅಂಚು, ಸೆರಗು ಎರಡೂ ಗಟ್ಟಿ ಇವೆ, ಬಿಡಿಸಿ ಇಟ್ಟಿದ್ದೇವೆ. ನಂಜನಗೂಡಿಗೆ ಹೋಗಿ ಅಜ್ಜಿಗೆ ಹೇಳಿ ಬಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ, "ಎಷ್ಟು ಹುಡುಗೀರು ಉಟ್ರು?" ಅಂದರು. ಒಂಬತ್ತು ಅಂದೆ. "ನಾನು ಉಟ್ಟಿದ್ದೇ ನಾಕು ಸಲ" ಅಂದರು. ಸೆರಗನ್ನು ಅವರ ಮೊಮ್ಮಗಳ ಸೀರೆಗೆ ಕೂರಿಸಿ ಕೊಡುತ್ತಿದ್ದೇನೆ. ಅದಕ್ಕೆ ಹೊಂದುವ ರೇಷ್ಮೆ ಇನ್ನೂ ಸಿಕ್ಕಿಲ್ಲ. ಆ ಬಣ್ಣ ಈಗ ಹಾಕುವವರು ಕಡಿಮೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಅಂಥ ಬಣ್ಣದ ಐದು ಗಜ ಇದ್ದರೆ ತಿಳಿಸಿ.

ಆಷಾಢದಲ್ಲಿ ಅಂಗಡಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ. ಮಂಗಳವಾರ ರಜೆ. ಆಷಾಢ ಶುಕ್ರವಾರಗಳಲ್ಲಿ ಮಧ್ಯಾಹ್ನದ ಮೇಲೆ ತೆಗೆಯುತ್ತೇವೆ, ಬೆಳಿಗ್ಗೆ ನಾವೆಲ್ಲ ಚಾಮುಂಡಿ ಬೆಟ್ಟದಲ್ಲಿ ಇರುತ್ತೇವೆ. ಸೀರೆ ತರುವಾಗ ಪ್ಲಾಸ್ಟಿಕ್ ಕವರ್‌ನಲ್ಲಿ ತರಬೇಡಿ. ನುಸಿಗುಳಿಗೆ ಇದ್ದರೆ ಈಗಲೇ ತೆಗೆದುಹಾಕಿ. ಮನೆಯಲ್ಲಿ ಒಗೆದಿಟ್ಟ ಹಳೇ ಪಂಚೆ ಇದ್ದರೆ ಸಾಕು, ಅದರಲ್ಲಿ ಸುತ್ತಿ ತನ್ನಿ.

ಇಂತಿ,
ನಿಮ್ಮ ಹಳೇ ಸೀರೆ ಅಂಗಡಿಯವಳು
ಮೈಸೂರು