ಸೂಜಿಗೂ ಥ್ಯಾಂಕ್ಸ್, ಸೂಜಿ ಸಾಕು ಅಂದವರಿಗೂ

ನಿನ್ನೆ ಬೆಳಿಗ್ಗೆ ನನ್ನ ತಲೆ ನಾನೇ ಬಾಚಿಕೊಂಡೆ. ನಗಬೇಡಿ. ಏಳು ತಿಂಗಳಿಂದ ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಬೆನ್ನ ಹಿಂದಕ್ಕಂತೂ ಕೇಳಲೇಬೇಡಿ. ಅಷ್ಟು ದಿನವೂ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ನನಗೆ ಜಡೆ ಹಾಕಿದ್ದು ಮಗಳು. ಮೊದಲ ಥ್ಯಾಂಕ್ಸ್ ಅವಳಿಗೆ. ಜಡೆ ಸೊಟ್ಟಗೆ ಇರುತ್ತಿತ್ತು ಅಂತ ಈಗ ಹೇಳಬಹುದು ಅಲ್ವಾ?

ಎರಡನೆಯದು ನನ್ನ ಫಿಸಿಯೋಥೆರಪಿಸ್ಟ್ ಮೇಡಂಗೆ. ಅದಕ್ಕೂ ಮೊದಲು ಇನ್ನೊಂದು ಕಡೆ ಹೋಗಿದ್ದೆ. ಅಲ್ಲಿ ಕೈ ಮುಟ್ಟಿಯೂ ನೋಡದೆ, 'ಮೂರು ಸಲ ಡ್ರೈ ನೀಡ್ಲಿಂಗ್ ಮಾಡಿದರೆ ಎಲ್ಲಾ ಸರಿಹೋಗುತ್ತೆ' ಅಂದಿದ್ದರು. ಡ್ರೈ ನೀಡ್ಲಿಂಗ್ ಅಂದರೆ ಸ್ನಾಯುವಿನಲ್ಲಿ ಬಿಗಿದ ಗಂಟಿಗೆ ತೆಳು ಸೂಜಿ ಚುಚ್ಚುವ ಚಿಕಿತ್ಸೆ. ಮೇಡಂ ಮೊದಲ ದಿನ ಸೂಜಿ ಹೊರಗೆ ತೆಗೆಯಲೇ ಇಲ್ಲ. ರಕ್ತ ತೆಳುವಾಗುವ ಮಾತ್ರೆ ತಗೋತೀರಾ, ಸೂಜಿ ಕಂಡರೆ ತಲೆ ಸುತ್ತುತ್ತಾ ಅಂತೆಲ್ಲ ಕೇಳಿದರು. ನಾನಾಗಿ ಎತ್ತಿದರೆ ಬಾರದ ಕೈ ಅವರು ಹಿಡಿದು ಎತ್ತಿದಾಗ ಮೇಲೆ ಹೋಯಿತು. 'ಕೀಲು ಹಿಡಿದಿಲ್ಲ, ಸ್ನಾಯು ಹಿಡಿದಿದೆ' ಅಂದರು. ಆಮೇಲೆ ಬೆನ್ನ ಕಡೆ, ಹೆಗಲ ಮೂಳೆಯ ಮೇಲೆ ಒಂದು ಜಾಗ ಒತ್ತಿದರು. ನೋವು ಎದ್ದಿದ್ದು ಭುಜದ ಮುಂಭಾಗದಲ್ಲಿ! ಇಷ್ಟು ದಿನ ನಾನು ಮುಲಾಮು ತಿಕ್ಕಿದ್ದು ಮುಂದೆ, ಗಂಟು ಕೂತಿದ್ದು ಹಿಂದೆ. ಈ ಗಂಟಿಗೆ 'ಟ್ರಿಗರ್ ಪಾಯಿಂಟ್' ಅಂತಾರೆ, ಅದರ ಬುದ್ಧಿಯೇ ಹಾಗಂತೆ. ತಾನಿರುವುದು ಒಂದು ಕಡೆ, ನೋಯಿಸುವುದು ಇನ್ನೊಂದು ಕಡೆ.

ಸೂಜಿಯಲ್ಲಿ ಔಷಧಿ ಇರುವುದಿಲ್ಲ, ಅದಕ್ಕೇ 'ಡ್ರೈ'. ಔಷಧಿ ಇಲ್ಲದೆ ಏನು ಪ್ರಯೋಜನ ಅಂತ ಕೇಳಿದ್ದಕ್ಕೆ ಮೇಡಂ ಕಾರೆಲ್ ಲೆವಿಟ್ ಎಂಬ ಚೆಕ್ ವೈದ್ಯರ ವಿಷಯ ಹೇಳಿದರು. ಇಂಜೆಕ್ಷನ್‌ನಿಂದ ಸಿಗುವ ಆರಾಮದಲ್ಲಿ ಬರೀ ಸೂಜಿಯ ಪಾಲೂ ಇದೆ ಅಂತ ಅವರು 1979ರಲ್ಲೇ ಬರೆದಿದ್ದರಂತೆ.

ಚುಚ್ಚಿದ್ದು ಅಷ್ಟಾಗಿ ಗೊತ್ತಾಗಲಿಲ್ಲ. ಆದರೆ ಸೂಜಿ ಗಂಟಿಗೆ ತಗುಲಿದಾಗ ಸ್ನಾಯು ಒಳಗಿಂದ ಚುಳಕ್ ಅಂತ ಅದುರಿತು, ಮೀನು ಬಾಲ ಬಡಿದ ಹಾಗೆ. ಕಿರುಚಿದೆ, ಸುಳ್ಳು ಹೇಳುವುದಿಲ್ಲ. ಎರಡು ದಿನ ಯಾರೋ ಹೊಡೆದ ಹಾಗೆ ನೋವಿತ್ತು. ಅದನ್ನೂ ಮೊದಲೇ ಹೇಳಿದ್ದರು. ಕುತ್ತಿಗೆ ಪಕ್ಕದ ಸ್ನಾಯುವಿಗೆ ಹಾಕುವಾಗ ಅದನ್ನು ಬೆರಳಲ್ಲಿ ಹಿಡಿದೆತ್ತಿ, ತುಂಬಾ ನಿಧಾನವಾಗಿ ಹಾಕುತ್ತಿದ್ದರು. ಕೆಳಗೇ ಶ್ವಾಸಕೋಶ ಇದೆ. 'ಮನೆಗೆ ಹೋದಮೇಲೆ ಎದೆನೋವು, ಉಸಿರು ಕಟ್ಟಿದ ಹಾಗೆ ಏನಾದರೂ ಆದರೆ ಸುಮ್ನೆ ಕೂರಬೇಡಿ, ಆಸ್ಪತ್ರೆಗೆ ಓಡಿ' ಅಂತ ಪ್ರತಿ ಸಲವೂ ಹೇಳುತ್ತಿದ್ದರು. ಏನೂ ಆಗಲಿಲ್ಲ. ಆದರೂ ಆ ಎಚ್ಚರಿಕೆಯೇ ನನಗೆ ಧೈರ್ಯ ಕೊಟ್ಟಿತು.

ನಾಲ್ಕು ಸಲ ಆದಮೇಲೆ ಕೈ ಹಗುರಾಯಿತು. ನನಗೋ ಆಸೆ, ಇನ್ನೂ ನಾಲ್ಕು ಹಾಕಿ ಅಂದೆ. 'ಸಾಕು' ಅಂದರು. 'ಸೂಜಿ ಬಿಗಿತ ಬಿಡಿಸುತ್ತೆ, ಬಲ ಕೊಡಲ್ಲ. ಅದನ್ನ ನೀವೇ ತಂದುಕೊಳ್ಳಬೇಕು.' ಕೈಗೆ ಒಂದು ರಬ್ಬರ್ ಪಟ್ಟಿ ಕೊಟ್ಟು ಕಳಿಸಿದರು. ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಮೇಡಂ, ಕ್ಷಮಿಸಿ. ಇನ್ನಷ್ಟು ಸೂಜಿ ಹಾಕಿ ಸಲೀಸಾಗಿ ದುಡ್ಡು ತಗೋಬಹುದಿತ್ತು, ನೀವು ಹಾಗೆ ಮಾಡಲಿಲ್ಲ. ಈ ಬರಹ ಮುಖ್ಯವಾಗಿ ಅದಕ್ಕೇ.

ಆ ಪಟ್ಟಿಯನ್ನು ಕಿಟಕಿ ಸರಳಿಗೆ ಕಟ್ಟಿ ಎರಡು ತಿಂಗಳು ಎಳೆದೆ. ಮಗಳು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು, ಒಂದೂ ಬಿಡುತ್ತಿರಲಿಲ್ಲ.

ನಿನ್ನೆ ನಾನೇ ಜಡೆ ಹಾಕಿಕೊಂಡು ಜಂಬದಿಂದ ತಿರುಗಿ ನಿಂತೆ. ಅವಳು ಸ್ವಲ್ಪ ಹೊತ್ತು ನೋಡಿ, 'ಅಮ್ಮಾ, ನಿಂದೂ ಸೊಟ್ಟಗೇ ಇದೆ' ಅಂದಳು.