ಮಗಳಿಗೊಂದು ಪತ್ರ: ಮೇಂಟೆನೆನ್ಸ್ ಕೆಲಸ ಅಂತಾನೇ ಕೇಳು

ಪುಟ್ಟಿ,

ಗುರುವಾರ ನಮ್ಮ ತುಮಕೂರು ಪಕ್ಕದ ಇಂಡಸ್ಟ್ರಿಯಲ್ ಏರಿಯಾ ವಸಂತನರಸಾಪುರದಲ್ಲಿ ಇಂಟರ್‌ವ್ಯೂ ಅಂತ ನೀನು ಹೇಳಿದಾಗಿಂದ ನಿಮ್ಮಮ್ಮ ಸಿದ್ಧಗಂಗೆಗೆ ಹೋಗಿ ಬರೋಣ ಅಂತಿದಾಳೆ, ನಾನು ಇದನ್ನ ಟೈಪ್ ಮಾಡ್ತಾ ಕೂತಿದೀನಿ. ಫೋನಲ್ಲಿ ಹೇಳಕ್ಕೆ ಹೋದ್ರೆ ನಿನ್ನ ಪೀಜಿಲಿ ಗಲಾಟೆ, ಅರ್ಧ ಕೇಳ್ಸಲ್ಲ, ಇನ್ನರ್ಧಕ್ಕೆ ಆಯ್ತಪ್ಪ ಆಯ್ತಪ್ಪ ಅಂತೀಯ. ಬರೆದಿಟ್ರೆ ಪೀಣ್ಯದಿಂದ ಬಸ್ಸಲ್ಲಿ ಬರೋವಾಗ ನಿಧಾನಕ್ಕೆ ಓದ್ಕೋಬಹುದು.

ಎಲ್ಲಕ್ಕಿಂತ ಮೊದ್ಲು ಒಂದು ಮಾತು ಮನಸ್ಸಲ್ಲಿ ಇಟ್ಕೋ ಕಣಮ್ಮ. ನೀನು ಹೋಗ್ತಿರೋದು ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಟೆಕ್ನೀಷಿಯನ್ ಕೆಲಸಕ್ಕೆ. ಐಟಿಐಲಿ ಎರಡು ವರ್ಷ ಎಲೆಕ್ಟ್ರೀಷಿಯನ್ ಟ್ರೇಡ್ ಓದಿದೀಯ, ಆಮೇಲೆ ಅಪ್ರೆಂಟಿಸ್ ಮುಗಿಸಿದೀಯ, ಪ್ಯಾನೆಲ್ ಒಳಗೆ ಕೈ ಇಟ್ಟು ಕೆಲಸ ಕಲ್ತಿದೀಯ. ಆದ್ರೆ ಅಲ್ಲಿ ಕೂತಿರೋರು ಹುಡುಗಿ ಅಂತ ನೋಡಿದ ತಕ್ಷಣ ಅವರ ತಲೆಲಿ ಬರೋದು ಪ್ಯಾಕಿಂಗು, ಇನ್‌ಸ್ಪೆಕ್ಷನ್ನು, ಸ್ಟೋರ್ಸು. ಕೆಟ್ಟ ಮನಸ್ಸಿಂದ ಏನಲ್ಲ, ಎಷ್ಟೋ ಸಲ ಒಳ್ಳೇದು ಮಾಡ್ತಿದೀವಿ ಅಂದ್ಕೊಂಡೇ ಹೇಳ್ತಾರೆ, "ನಿಂಗೆ ಇದು ಕಷ್ಟ ಆಗುತ್ತಮ್ಮ, ಕ್ವಾಲಿಟಿಲಿ ಒಂದು ಸೀಟ್ ಇದೆ, ಆರಾಮಾಗಿ ಕೂತ್ಕೊಂಡು ಮಾಡೋ ಕೆಲಸ" ಅಂತ. ಒಂದ್ಸಲ ಅಲ್ಲಿ ಕೂತ್ರೆ ವರ್ಷ ವರ್ಷ ಅಲ್ಲೇ. ನಿನ್ನ ಜೊತೆ ಓದಿದ ಹುಡುಗ್ರು ಡ್ರೈವ್ ಪ್ರೋಗ್ರಾಂ ಮಾಡೋದು ಕಲ್ತಿರ್ತಾರೆ, ನೀನು ಗೇಜ್ ಹಾಕಿ ಓಕೆ ನಾಟ್ ಓಕೆ ಬರೀತಾ ಇರ್ತೀಯ. ಆ ಕೆಲಸ ಮಾಡೋರ ಬಗ್ಗೆ ನಂಗೆ ಗೌರವ ಇದೆ, ಆದ್ರೆ ನೀನು ಕಲ್ತಿದ್ದು ಅದನ್ನಲ್ಲ. ಹಂಗೇನಾದ್ರು ಕೇಳಿದ್ರೆ "ಇಲ್ಲ ಸಾರ್, ನಾನು ಅಪ್ಲೈ ಮಾಡಿರೋದು ಮೇಂಟೆನೆನ್ಸ್‌ಗೆ, ಅದ್ರಲ್ಲೇ ಒಂದು ಟೆಸ್ಟ್ ಕೊಡಿ, ಮಾಡಿ ತೋರಿಸ್ತೀನಿ" ಅನ್ನು. ಜೋರಾಗಿ ಬೇಡ, ಅನುಮಾನನೂ ಬೇಡ.

ನಾನು ಇದನ್ನ ಊಹೆ ಮೇಲೆ ಹೇಳ್ತಿಲ್ಲ. ನಮ್ಮ ಫ್ಯಾಕ್ಟರಿಲಿ ಟೆಕ್ನೀಷಿಯನ್ ತಗೊಳ್ಳೋವಾಗ ಎಚ್‌ಆರ್‌ನವರು, ಇಂಜಿನಿಯರ್ ಸಾಹೇಬ್ರು, ಜೊತೆಗೆ ಶಾಪ್ ಫ್ಲೋರಿಂದ ನನ್ನನ್ನೂ ಕೂರಿಸ್ಕೊಳ್ತಾರೆ ಅಂತ ನಿಂಗೆ ಗೊತ್ತಲ್ಲ. ಒಂದ್ಸಲ ಕೊರಟಗೆರೆ ಕಡೆ ಹುಡುಗಿ ಬಂದಿದ್ಲು. ಎಲ್ಲರಿಗೂ ಕೇಳೋ ಪ್ರಶ್ನೆನೇ ಅವಳಿಗೂ ಕೇಳಿದ್ವಿ, ಓಡ್ತಿದ್ದ ಮಿಷಿನ್ ನಿಂತೋಗಿದೆ, ಏನ್ ಮಾಡ್ತೀಯ ಅಂತ. ಅವಳಿಗಿಂತ ಮುಂಚೆ ಬಂದ ಹುಡುಗ್ರೆಲ್ಲ ಪಿಎಲ್‌ಸಿ (ಮಿಷಿನ್ ಓಡಿಸೋ ಕಂಪ್ಯೂಟರ್) ಚೆಕ್ ಮಾಡ್ತೀನಿ, ಲ್ಯಾಪ್‌ಟಾಪ್ ಹಾಕ್ತೀನಿ, ಸರ್ವೋ ಅಲಾರಂ ನೋಡ್ತೀನಿ ಅಂದಿದ್ರು. ಈ ಹುಡುಗಿ "ಮೊದ್ಲು ಆಪರೇಟರ್ ಹತ್ರ ಕೇಳ್ತೀನಿ ಸಾರ್, ನಿಲ್ಲೋಕೆ ಮುಂಚೆ ಏನಾಯ್ತು, ಶಬ್ದ ಬಂತಾ, ವಾಸನೆ ಬಂತಾ, ಯಾರಾದ್ರು ಏನಾದ್ರು ಸೆಟ್ಟಿಂಗ್ ಮುಟ್ಟಿದ್ರಾ" ಅಂದ್ಲು. ನಾನು ಪೆನ್ ಕೆಳಗಿಟ್ಟೆ. ಆಪರೇಟರ್ ಎಂಟು ಗಂಟೆ ಆ ಮಿಷಿನ್ ಮುಂದೆ ನಿಂತಿರ್ತಾನೆ, ಅವನಿಗೆ ಗೊತ್ತಿರೋದು ಯಾವ ಮ್ಯಾನ್ಯುಯಲ್ಲಲ್ಲೂ ಇರಲ್ಲ. ಎಚ್‌ಆರ್‌ನವರು ಇವಳನ್ನ ಇನ್‌ಸ್ಪೆಕ್ಷನ್‌ಗೆ ಹಾಕೋಣ ಅಂದ್ರು, ನಂಗೆ ಮೇಂಟೆನೆನ್ಸ್‌ಗೇ ಬೇಕು ಅಂತ ನಾನು ಪಟ್ಟು ಹಿಡಿದೆ. ಇವತ್ತು ಶಿಫ್ಟಲ್ಲಿ ಬ್ರೇಕ್‌ಡೌನ್ ಆದ್ರೆ ಆಪರೇಟರ್‌ಗಳೇ ಅವಳ ಹೆಸರು ಹೇಳಿ ಕರೀತಾರೆ.

ಇನ್ನು ಕೆಲಸದ ವಿಷಯಕ್ಕೆ ಬರ್ತೀನಿ. ನೀನು ಹೋಗ್ತಿರೋದು ಪ್ಲಾಸ್ಟಿಕ್ ಮೋಲ್ಡಿಂಗ್ ಕಂಪನಿ, ಹಾಗಾಗಿ ಹೀಟರ್ ಬಗ್ಗೆ ಕೇಳೇ ಕೇಳ್ತಾರೆ. ಪ್ಲಾಸ್ಟಿಕ್ ಕರಗಿಸೋ ಬ್ಯಾರೆಲ್ ಮೇಲೆ ಜೋನ್ ಜೋನ್ ಆಗಿ ಬ್ಯಾಂಡ್ ಹೀಟರ್ ಇರುತ್ತೆ, ಪ್ರತಿ ಜೋನ್‌ಗೂ ಬಿಸಿ ಅಳೆಯೋ ಒಂದು ಥರ್ಮೋಕಪಲ್. "ಒಂದು ಜೋನ್ ಟೆಂಪರೇಚರ್ ಏರ್ತಿಲ್ಲ, ಏನ್ ನೋಡ್ತೀಯ" ಅಂತ ಕೇಳಿದ್ರೆ ಹೀಟರ್ ಚೇಂಜ್ ಮಾಡ್ತೀನಿ ಅಂತ ಒಂದೇ ಸಲ ಹೇಳ್ಬಿಡ್ಬೇಡ. ಕಂಟ್ರೋಲರ್ ಔಟ್‌ಪುಟ್ ಕೊಡ್ತಿದ್ಯಾ, ಹೀಟರ್‌ನ ಆನ್ ಆಫ್ ಮಾಡೋ ಎಸ್‌ಎಸ್‌ಆರ್ ಅಥ್ವಾ ಕಾಂಟ್ಯಾಕ್ಟರ್ ಕೆಲಸ ಮಾಡ್ತಿದ್ಯಾ, ಫ್ಯೂಸ್ ಇದ್ಯಾ, ಹೀಟರ್ ತುದಿವರೆಗೂ ವೋಲ್ಟೇಜ್ ಬರ್ತಿದ್ಯಾ, ಕ್ಲಾಂಪ್ ಮೀಟರಲ್ಲಿ ಕರೆಂಟ್ ಎಳೀತಿದ್ಯಾ, ಈ ತರ ಒಂದೊಂದಾಗಿ ಹೋಗು. ಆಮೇಲೆ ಸಪ್ಲೈ ಆಫ್ ಮಾಡಿ, ವೈರ್ ಬಿಚ್ಚಿ, ಓಮ್ಸ್ ನೋಡ್ತೀನಿ ಅನ್ನು. 230 ವೋಲ್ಟ್ 1000 ವ್ಯಾಟ್ ಹೀಟರ್ ಆದ್ರೆ ಸುಮಾರು 53 ಓಮ್ ಬರ್ಬೇಕು, ವೋಲ್ಟೇಜ್‌ನ ವರ್ಗ ಮಾಡಿ ವ್ಯಾಟಿಂದ ಭಾಗಿಸಿದ್ರೆ ಸಿಗುತ್ತೆ, ನಿಂಗೆ ಗೊತ್ತಿರೋದೇ. ಆ ಲೆಕ್ಕನ ಬಾಯಲ್ಲೇ ಮಾಡಿ ಹೇಳು, ಕೇಳೋ ಇಂಜಿನಿಯರ್ ಮುಖ ನೋಡು ಆಮೇಲೆ. ಇನ್ನೊಂದು, ಥರ್ಮೋಕಪಲ್ ಅದರ ಜಾಗದಿಂದ ಸರಿದು ಹೊರಗೆ ಬಂದಿದ್ರೆ ಕಂಟ್ರೋಲರ್‌ಗೆ ಕಮ್ಮಿ ಟೆಂಪರೇಚರ್ ಕಾಣುತ್ತೆ, ಒಳಗೆ ಮೆಟೀರಿಯಲ್ ಸುಟ್ಟೋಗ್ತಿರುತ್ತೆ. ಮೋಲ್ಡಿಂಗ್ ಶೆಡ್ಡಲ್ಲಿ ಕೆಲಸ ಮಾಡಿರೋರಿಗೆ ಇದು ಗೊತ್ತಿರುತ್ತೆ, ಅದಕ್ಕೇ ನೀನು ಆ ಮಾತು ಎತ್ತು.

ಮೋಟರ್ ಪ್ರಶ್ನೆ ಎಲ್ಲಾ ಕಡೆ ಇದ್ದಿದ್ದೇ. ಮೋಟರ್ ಗುಂಯ್ ಅಂತಿದೆ ತಿರುಗ್ತಿಲ್ಲ ಅಂದ್ರೆ ಮೊದಲ್ನೇ ಉತ್ತರ ಆಫ್ ಮಾಡ್ತೀನಿ ಅಂತ ಇರ್ಬೇಕು, ಹಂಗೇ ಬಿಟ್ರೆ ವೈಂಡಿಂಗ್ ಸುಟ್ಟೋಗುತ್ತೆ. ಆಮೇಲೆ ಮೂರೂ ಫೇಸ್ ಬರ್ತಿದ್ಯಾ, ಕಾಂಟ್ಯಾಕ್ಟರ್ ಪಾಯಿಂಟ್ ಒಂದು ಹೋಗಿದ್ಯಾ, ಟರ್ಮಿನಲ್ ಬಾಕ್ಸಲ್ಲಿ ವೈರ್ ತುದಿಯ ಲಗ್ ಲೂಸಾಗಿದ್ಯಾ, ಶಾಫ್ಟ್ ಕೈಲಿ ತಿರುಗುತ್ತಾ ಇಲ್ಲ ಬೇರಿಂಗ್ ಹಿಡ್ಕೊಂಡಿದ್ಯಾ. ಮೂರು ವೈಂಡಿಂಗ್ ಓಮ್ಸ್ ಒಂದೇ ತರ ಬರ್ಬೇಕು, ವೈಂಡಿಂಗ್‌ಗೂ ಮೋಟರ್ ಬಾಡಿಗೂ ಮಧ್ಯೆ ಮೆಗ್ಗರ್ (ಇನ್ಸುಲೇಷನ್ ನೋಡೋ ಮೀಟರ್) ಹಾಕ್ಬೇಕು. ಮೋಟರ್‌ನ ಮೊದ್ಲು ಸ್ಟಾರಲ್ಲಿ ಶುರು ಮಾಡಿ ಆಮೇಲೆ ಡೆಲ್ಟಾಗೆ ಬದಲಾಯಿಸೋ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಯಾಕೆ ಅಂದ್ರೆ "ಸ್ಟಾರ್ಟಿಂಗ್ ಕರೆಂಟ್ ಕಮ್ಮಿ ಮಾಡಕ್ಕೆ" ಅಂತ ಎಲ್ಲರೂ ಹೇಳ್ತಾರೆ, ನೀನು ಒಂದು ಹೆಜ್ಜೆ ಮುಂದೆ ಹೋಗು, 415 ವೋಲ್ಟ್ ಲೈನಲ್ಲಿ ಸ್ಟಾರ್ ಇದ್ದಾಗ ಒಂದೊಂದು ವೈಂಡಿಂಗ್‌ಗೆ 240 ವೋಲ್ಟ್ ಅಷ್ಟೇ ಸಿಗೋದು, ಡೆಲ್ಟಾಗೆ ಹೋಲಿಸಿದ್ರೆ ಲೈನ್ ಕರೆಂಟೂ ಮೂರನೇ ಒಂದು ಭಾಗ, ಟಾರ್ಕೂ ಮೂರನೇ ಒಂದು ಭಾಗ, ಹಾಗಾಗಿ ಫುಲ್ ಲೋಡ್ ಮೇಲೆ ಸ್ಟಾರ್ಟ್ ಆಗ್ಬೇಕಾದ ಮೋಟರ್‌ಗೆ ಇದು ಆಗಲ್ಲ ಅಂತ.

ಸೆನ್ಸರ್ ವೈರ್ ಬಣ್ಣ ಮರೀಬೇಡ, ಬ್ರೌನ್ ಪ್ಲಸ್ 24, ಬ್ಲೂ ಜೀರೋ, ಬ್ಲ್ಯಾಕ್ ಸಿಗ್ನಲ್. ಮೋಟರ್‌ನ ನೇರ ಲೈನಿಗೆ ಹಾಕಿ ಶುರು ಮಾಡೋ ಡಿಓಎಲ್ ಸ್ಟಾರ್ಟರ್ ವೈರಿಂಗ್ ಮಾಡಕ್ಕೆ ಕೊಡಬಹುದು, ನೀನು ಕಣ್ಮುಚ್ಕೊಂಡು ಮಾಡ್ತೀಯ ಗೊತ್ತು, ಆದ್ರೆ ಅವಸರ ಬೇಡ. ಲಗ್ ಕ್ರಿಂಪ್ ಮಾಡಿದ್ಮೇಲೆ ಒಂದ್ಸಲ ಎಳೆದು ನೋಡು, ವೈರ್ ತುದಿಗೆ ಗುರುತಿನ ಫೆರೂಲ್ ನಂಬರ್ ಹಾಕು. ಸರ್ಕ್ಯೂಟ್ ಸರಿ ಓಡೋದು ಎಲ್ಲಾ ಹುಡುಗ್ರದ್ದೂ ಓಡುತ್ತೆ, ಆದ್ರೆ ನಾಳೆ ಇನ್ನೊಬ್ಬ ಬಂದು ಆ ಪ್ಯಾನೆಲ್ ತೆಗೆದಾಗ ಅವನಿಗೆ ಅರ್ಥ ಆಗೋ ತರ ಇದ್ಯಾ ಅಂತ ನಾನಂತೂ ನೋಡ್ತೀನಿ.

ಸೇಫ್ಟಿ ವಿಷಯ ಅವರು ಕೇಳ್ಲಿ ಬಿಡ್ಲಿ ನೀನೇ ಹೇಳು. ಐಸೋಲೇಟರ್ ಆಫ್ ಮಾಡಿ ನನ್ನ ಬೀಗ ಹಾಕಿ ಟ್ಯಾಗ್ ಹಾಕ್ತೀನಿ, ಕೀ ನನ್ನ ಜೇಬಲ್ಲೇ ಇರುತ್ತೆ. ಟೆಸ್ಟರ್‌ನ ಮೊದ್ಲು ಲೈವ್ ಇರೋ ಕಡೆ ಚೆಕ್ ಮಾಡಿ, ಆಮೇಲೆ ಕೆಲಸ ಮಾಡೋ ಜಾಗದಲ್ಲಿ ನೋಡಿ, ಮತ್ತೆ ಲೈವ್ ಕಡೆ ಚೆಕ್ ಮಾಡ್ತೀನಿ. ಸೇಫ್ಟಿ ಗೇಟ್ ಲಿಮಿಟ್ ಸ್ವಿಚ್ ಬೈಪಾಸ್ ಮಾಡಿ ಮಿಷಿನ್ ಓಡ್ಸು ಅಂತ ಪ್ರೊಡಕ್ಷನ್‌ನವರು ಒತ್ತಾಯ ಮಾಡಿದ್ರೆ ಏನ್ ಮಾಡ್ತೀಯ ಅಂತ ಕೇಳೋ ಸಾಧ್ಯತೆ ಇದೆ. ಮಾಡಲ್ಲ ಸಾರ್, ಶಿಫ್ಟ್ ಇನ್‌ಚಾರ್ಜ್‌ಗೆ ಹೇಳ್ತೀನಿ ಅನ್ನು. ಇದಕ್ಕೆ ಅವರಿಗೆ ಬೇಜಾರಾಗಿ ಕೆಲಸ ಕೊಡ್ಲಿಲ್ಲ ಅಂದ್ರೆ ಆ ಕಂಪನಿ ಬೇಡ ನಮಗೆ. ನಾನು ಈ ಕೆಲಸದಲ್ಲಿ ಬೆರಳು ಕಳ್ಕೊಂಡಿರೋರನ್ನ ನೋಡಿದೀನಿ ಪುಟ್ಟಿ, ನಿನ್ನ ಕೈ ನಂಗೆ ಯಾವ ಸಂಬಳಕ್ಕಿಂತನೂ ದೊಡ್ಡದು.

ಬಟ್ಟೆ ವಿಷಯಕ್ಕೆ ನಿಮ್ಮಮ್ಮ ಚೂಡಿದಾರ್ ಅಂತಿದಾಳೆ. ಬೇಡ. ಪ್ಯಾಂಟು ಶರ್ಟು, ಶೂ. ಶಾಪ್ ಫ್ಲೋರ್ ತೋರಿಸಕ್ಕೆ ಕರ್ಕೊಂಡ್ ಹೋಗ್ತಾರೆ, ವೇಲ್ ಹಾಕ್ಕೊಂಡು ತಿರುಗೋ ಶಾಫ್ಟ್ ಪಕ್ಕ ನಿಂತ್ರೆ ನೋಡೋರಿಗೇ ಇವಳಿಗೆ ಅಂದಾಜಿಲ್ಲ ಅನ್ಸುತ್ತೆ. ಕೂದ್ಲು ಗಟ್ಟಿ ಕಟ್ಕೋ, ಬಳೆ ಚೈನು ಮನೇಲೇ ಬಿಚ್ಚಿಟ್ಟು ಬಾ.

ಇಂಗ್ಲಿಷ್ ಬಗ್ಗೆ ಭಯ ಬೇಡ. "ನಿನ್ನ ಬಗ್ಗೆ ಹೇಳು" ಅನ್ನೋದನ್ನ ಇಂಗ್ಲಿಷಲ್ಲಿ ನಾಲ್ಕು ವಾಕ್ಯ ರೆಡಿ ಮಾಡ್ಕೋ, ಅಷ್ಟು ಸಾಕು, ಟೆಕ್ನಿಕಲ್ ಬಂದಾಗ "ಸಾರ್ ಕನ್ನಡದಲ್ಲಿ ಹೇಳಬಹುದಾ" ಅಂತ ಕೇಳು. ತುಮಕೂರಲ್ಲಿ ಕೂತು ಕನ್ನಡ ಬೇಡ ಅನ್ನೋರು ಕಮ್ಮಿ.

ಈಗ ಎಚ್‌ಆರ್ ಪ್ರಶ್ನೆಗಳು. ಮದುವೆ ಯಾವಾಗ ಅಂತ ಕೇಳ್ತಾರೆ, ಹುಡುಗ್ರಿಗೆ ಕೇಳಲ್ಲ ನಿಂಗೆ ಕೇಳ್ತಾರೆ, ನಂಗೆ ಇದು ಇವತ್ತಿಗೂ ಸಿಟ್ಟು ಬರೋ ವಿಷಯ. ಸಮಾಧಾನವಾಗಿ "ಈಗ ಕೆಲಸ ಕಲೀಬೇಕು ಸಾರ್, ಅದು ಬಿಟ್ರೆ ಬೇರೆ ಯೋಚನೆ ಇಲ್ಲ" ಅಂದು ಸುಮ್ಮನಾಗು. ಇಲ್ಲಿ ಅಪ್ಪ ಅಮ್ಮ ಯಾರೂ ನಿಂಗೆ ಆ ವಿಷಯಕ್ಕೆ ಅವಸರ ಮಾಡ್ತಿಲ್ಲ, ಧೈರ್ಯವಾಗಿ ಹೇಳು. ಭಾರ ಎತ್ತಕ್ಕಾಗುತ್ತಾ ಅಂತಾನೂ ಕೇಳ್ತಾರೆ. 20 ಎಚ್‌ಪಿ ಮೋಟರ್ ನೂರು ಕೆಜಿ ಮೇಲಿರುತ್ತೆ, ಅದನ್ನ ಯಾವ ಗಂಡಸೂ ಕೈಲಿ ಎತ್ತಲ್ಲ, ಚೈನ್ ಬ್ಲಾಕ್ ಹಾಕ್ತಾರೆ, ನೀನೂ ಹಾಕ್ತೀಯ.

ನೈಟ್ ಶಿಫ್ಟ್ ಬಗ್ಗೆ ನಾವು ಮನೇಲಿ ಮಾತಾಡಿದ್ವಲ್ಲ. 1948ರ ಫ್ಯಾಕ್ಟರೀಸ್ ಆಕ್ಟಲ್ಲಿ ಹೆಣ್ಮಕ್ಕಳಿಗೆ ಬೆಳಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ ಅಂತ ಇತ್ತು, ನಮ್ಮ ರಾಜ್ಯದಲ್ಲಿ 2023ರಲ್ಲಿ ತಿದ್ದುಪಡಿ ಮಾಡಿ ರಾತ್ರಿನೂ ಮಾಡಬಹುದು ಅಂತ ತಂದ್ರು, ಆದ್ರೆ ಅವಳ ಒಪ್ಪಿಗೆ ಇರ್ಬೇಕು, ಕರ್ಕೊಂಡ್ ಹೋಗಿ ಬಿಡಕ್ಕೆ ಗಾಡಿ ಕೊಡ್ಬೇಕು, ಸೇಫ್ಟಿ ವ್ಯವಸ್ಥೆ ಮಾಡ್ಬೇಕು. ಮೇಂಟೆನೆನ್ಸಲ್ಲಿ ನೈಟ್ ಮಾಡಲ್ಲ ಅಂದ್ರೆ ಕಲಿಯೋದು ಅರ್ಧ ಆಗುತ್ತೆ, ಅದು ನನ್ನ ಅಭಿಪ್ರಾಯ, ದೊಡ್ಡ ಬ್ರೇಕ್‌ಡೌನ್ ರಾತ್ರಿ ಬಂದಾಗ ಕೇಳಕ್ಕೆ ಯಾರೂ ಇರಲ್ಲ, ನೀನೇ ಯೋಚನೆ ಮಾಡ್ಬೇಕಾಗುತ್ತೆ. ಹಾಗಾಗಿ ಮಾಡ್ತೀನಿ ಅನ್ನು, ಜೊತೆಗೇ ಕೇಳು, ಗಾಡಿ ಮನೆ ಹತ್ರ ಬರುತ್ತಾ ಇಲ್ಲ ಹೈವೇಲಿ ಇಳಿಸ್ತೀರಾ, ಆ ಶಿಫ್ಟಲ್ಲಿ ಬೇರೆ ಹೆಣ್ಮಕ್ಕಳು ಇರ್ತಾರಾ, ಲೇಡೀಸ್ ಟಾಯ್ಲೆಟ್ ಮೋಲ್ಡಿಂಗ್ ಶೆಡ್ ಹತ್ರ ಇದ್ಯಾ ಇಲ್ಲ ಆಫೀಸ್ ಬ್ಲಾಕಲ್ಲಿ ಮಾತ್ರನಾ. ಇದನ್ನೆಲ್ಲ ಕೇಳಕ್ಕೆ ಸಂಕೋಚ ಪಡ್ಬೇಡ. ಹತ್ತು ಜನ ಅಥ್ವಾ ಅದಕ್ಕಿಂತ ಹೆಚ್ಚಿರೋ ಕಡೆ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಹೆಣ್ಮಕ್ಕಳ ದೂರಿಗೆ ಕಮಿಟಿ ಇರ್ಲೇಬೇಕು, ಅದರ ಬೋರ್ಡ್ ಗೋಡೆ ಮೇಲಿದ್ಯಾ ಅಂತ ಒಳಗೆ ಹೋದಾಗ ನೋಡ್ಕೊಂಡು ಬಾ.

ನಿಮ್ಮ ದೊಡ್ಡತ್ತೆ ನಿನ್ನೆ ಫೋನ್ ಮಾಡಿದ್ಲು, ಎಚ್‌ಎಂಟಿ ವಾಚ್ ಫ್ಯಾಕ್ಟರಿ ನಡೀತಿದ್ದಾಗ ಅವಳೂ ಅಲ್ಲೇ ಅಸೆಂಬ್ಲಿಲಿ ಇದ್ದೋಳು, ಕಣ್ಣಿಗೆ ಲೆನ್ಸ್ ಹಾಕ್ಕೊಂಡು ಚಿಮಟದಲ್ಲಿ ಸಣ್ಣ ಸಣ್ಣ ಚಕ್ರ ಕೂರಿಸ್ತಿದ್ಲು. ಈ ಊರಲ್ಲಿ ಹೆಣ್ಮಕ್ಕಳು ಫ್ಯಾಕ್ಟರಿಗೆ ಹೋಗೋದು ಹೊಸದಲ್ಲ, ಆದ್ರೆ ಮಿಷಿನ್ ರಿಪೇರಿಗೆ ಮಾತ್ರ ಯಾವಾಗ್ಲೂ ಗಂಡಸರನ್ನೇ ಕರೀತಿದ್ರು ಅಂದ್ಲು. ನೀನು ಆ ಕೆಲಸಕ್ಕೆ ಹೋಗ್ತಿದೀಯ ಅಂತ ತುಂಬಾ ಖುಷಿ ಅವಳಿಗೆ.

ಸಂಬಳದ ಮಾತು ಬಂದಾಗ ಸಿಟಿಸಿ (ಕಂಪನಿಗೆ ನಿನ್ನ ಮೇಲಾಗೋ ಒಟ್ಟು ಖರ್ಚು) ಇಷ್ಟು ಅಂತ ದೊಡ್ಡ ನಂಬರ್ ಹೇಳ್ತಾರೆ, ಕೈಗೆ ಎಷ್ಟು ಬರುತ್ತೆ ಅಂತ ಕೇಳು. ಪಿಎಫ್ ಬೇಸಿಕ್ ಮೇಲೆ 12 ಪರ್ಸೆಂಟ್ ಹೋಗುತ್ತೆ, ಸಂಬಳ ತಿಂಗಳಿಗೆ 21,000 ಒಳಗಿದ್ರೆ ಇಎಸ್‌ಐಗೆ 0.75 ಪರ್ಸೆಂಟ್, ಇವೆರಡೂ ನಿಂಗೆ ಒಳ್ಳೇದೇ, ಕಟ್ ಮಾಡಲ್ಲ ಅನ್ನೋ ಕಡೆನೇ ಹುಷಾರಾಗಿರ್ಬೇಕು. ಕ್ಯಾಂಟೀನು, ಬಸ್ಸು ಅಂತ ಎಷ್ಟು ಹಿಡೀತಾರೆ ಕೇಳು. ವಾರಕ್ಕೆ 48 ಗಂಟೆ ದಾಟಿದ್ರೆ ಓಟಿ ಡಬಲ್ ರೇಟ್. ಮುಖ್ಯವಾಗಿ ಕಂಪನಿ ರೋಲಾ, ಕಾಂಟ್ರ್ಯಾಕ್ಟ್ ರೋಲಾ, ಟ್ರೈನಿ ಅಂತ ತಗೊಂಡ್ರೆ ಎಷ್ಟು ತಿಂಗಳು, ಆಮೇಲೆ ಏನು. ಗೇಟ್ ಹತ್ರ ಯಾರಾದ್ರು ಕನ್ಸಲ್ಟೆನ್ಸಿ ಅಂತ ಬಂದು ದುಡ್ಡು ಕೊಟ್ರೆ ಕೆಲಸ ಗ್ಯಾರಂಟಿ ಅಂದ್ರೆ ಅಲ್ಲಿಂದ ಎದ್ದು ಬಾ.

ಒರಿಜಿನಲ್ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು, ಐಟಿಐ ಸರ್ಟಿಫಿಕೇಟು, ಅಪ್ರೆಂಟಿಸ್ ಸರ್ಟಿಫಿಕೇಟು, ಆಧಾರ್, ಪ್ಯಾನು, ಪಾಸ್‌ಬುಕ್ಕು, ಫೋಟೋ, ಎಲ್ಲದರ ಜೆರಾಕ್ಸ್. ಒರಿಜಿನಲ್ ತೋರ್ಸು, ಕೊಟ್ಟು ಮಾತ್ರ ಬರ್ಬೇಡ.

ಬುಧವಾರ ರಾತ್ರಿನೇ ಮನೆಗೆ ಬಾ. ಗುರುವಾರ ನಾನು ಸೆಕೆಂಡ್ ಶಿಫ್ಟ್ ಹಾಕ್ಕೊಂಡಿದೀನಿ, ಬೆಳಗ್ಗೆ ಗಾಡಿಲಿ ನಾನೇ ಬಿಡ್ತೀನಿ, ವಸಂತನರಸಾಪುರದ ಒಳಗೆ ಗೇಟ್ ಹುಡುಕೋದೇ ಒಂದು ಕೆಲಸ, ಅಷ್ಟು ದೊಡ್ಡದಾಗಿ ಬೆಳೆದಿದೆ. ಒಳಗೆ ನೀನೊಬ್ಬಳೇ ಹೋಗು, ನಾನು ಹೊರಗಡೆ ಟೀ ಅಂಗಡಿ ಹತ್ರ ಇರ್ತೀನಿ, ಅಪ್ಪ ಇದೇ ಲೈನಲ್ಲಿ ಇದಾರೆ ಅಂತ ಅಲ್ಲಿ ಯಾರಿಗೂ ಹೇಳ್ಬೇಡ. ಆಫರ್ ಲೆಟರ್ ಅಲ್ಲೇ ಕೊಟ್ರೆ ಸಹಿ ಹಾಕೋಕೆ ಒಂದು ದಿನ ಟೈಮ್ ಕೇಳಿ ಮನೆಗೆ ತಗೊಂಡು ಬಾ, ಡೆಸಿಗ್ನೇಷನ್ ಅನ್ನೋ ಜಾಗದಲ್ಲಿ ಏನಂತ ಬರೆದಿದಾರೆ ಇಬ್ಬರೂ ಕೂತ್ಕೊಂಡು ಓದೋಣ.

ನಿನ್ನ
ಅಪ್ಪ