ಮಗಳಿಗೊಂದು ಪತ್ರ: ಚಿಲಕದ ವಿಷ್ಯ

ಪುಟ್ಟಿ,

ರಾತ್ರಿ ಒಂಬತ್ತಾದ್ರೆ ಸಾಕು, ಬಾಗಿಲ ಹತ್ರ ನಿಂತು ಚಿಲಕ ಹಾಕೋದು ತೆಗೆಯೋದು, ಹಾಕೋದು ತೆಗೆಯೋದು, ಮಧ್ಯ ಯಾರಾದ್ರೂ ಕೂಗಿದ್ರೆ ಲೆಕ್ಕ ತಪ್ತು ಅಂತ ಅತ್ಕೊಂಡು ಮತ್ತೆ ಮೊದಲಿಂದ. ಸೋಪು ತಿಕ್ಕಿ ತಿಕ್ಕಿ ಬೆರಳ ಸಂದಿ ಬಿರುಕು ಬಿಟ್ಟಿರೋದು ಬೇರೆ. ಅಜ್ಜಿಗೆ ಇದೆಲ್ಲ ಮಡಿ, "ನಮ್ಮ ಹುಡುಗಿ ಎಷ್ಟು ಕ್ಲೀನು" ಅಂತ ಬಂದೋರಿಗೆಲ್ಲ ಹೇಳ್ತಾರೆ. ಹೇಳ್ಕೊಳ್ಲಿ ಬಿಡು, ಅವರ ಹತ್ರ ವಾದ ಮಾಡಿ ಗೆದ್ದೋರಿಲ್ಲ.

ಲೆಕ್ಕ ತಪ್ಪಿದ್ರೆ ಅಪ್ಪ ಕುಡಿದು ಬರ್ತಾ ಬೇಲೂರು ರೋಡಲ್ಲಿ ಬೈಕಿಂದ ಬೀಳ್ತಾರೆ ಅಂತ ತಾನೆ ನಿನ್ನ ಭಯ? ಕೇಳಿಲ್ಲಿ, ನಿಮ್ಮಪ್ಪ ಮನೆ ಸೇರೋದು ನಿನ್ನ ಚಿಲಕದಿಂದ ಅಲ್ಲ ಕಣೇ. ಅವರು ಕುಡಿಯೋದೂ ನಿನ್ನಿಂದ ಅಲ್ಲ, ನಾವಿಬ್ರು ಕಿತ್ತಾಡೋದೂ ನಿನ್ನಿಂದ ಅಲ್ಲ. ಬೈಕ್ ಕೀ ಎತ್ತಿಡೋದು, ಅವರನ್ನ ಡಾಕ್ಟ್ರ ಹತ್ರ ಎಳ್ಕೊಂಡು ಹೋಗೋದು ನಂದು, ನಿಮ್ಮ ಮಾವಂದು. ಜಗಳ ಆದ ದಿನ ನಿಂಗೆ ಜಾಸ್ತಿ ಆಗುತ್ತೆ ಅನ್ನೋದು ನಿಜ, ಟೆನ್ಷನ್ ಏರಿದ್ರೆ ಒಸಿಡಿನೂ, ಅಂದ್ರೆ ಬೇಡದ ಭಯ ಹುಟ್ಟಿಸಿ ಮಾಡಿದ್ದನ್ನೇ ಮಾಡಿಸೋ ನಿನ್ನ ಈ ಕಾಯಿಲೆನೂ, ಏರುತ್ತೆ, ಅಂಥ ದಿನ ದೊಡ್ಡಮ್ಮನ ಮನೇಲಿ ಮಲ್ಕೋ, ನಾನು ಮಾತಾಡಿದೀನಿ.

ಇನ್ನೊಂದು, ಇನ್ಮೇಲೆ ನೀನು "ಅಪ್ಪಂಗೆ ಏನೂ ಆಗಲ್ಲ ತಾನೆ" ಅಂತ ಕೇಳಿದ್ರೆ ನಾನು ಉತ್ತರ ಹೇಳಲ್ಲ. ಅಮ್ಮಂದು ಕಲ್ಲು ಮನಸ್ಸು ಅನ್ಕೋಬೇಡ. "ಏನಾಗಲ್ಲ ಮಗಳೇ" ಅಂದ್ರೆ ಐದು ನಿಮಿಷ ಸಮಾಧಾನ, ಆಮೇಲೆ ಅದೇ ಪ್ರಶ್ನೆ, ತುರಿಕೆ ಕೆರೆದಷ್ಟೂ ಜಾಸ್ತಿ ಆಗುತ್ತಲ್ಲ ಹಾಗೆ. ಗ್ಯಾರಂಟಿ ಯಾರೂ ಕೊಡಕ್ಕಾಗಲ್ಲ, ಗ್ಯಾರಂಟಿ ಇಲ್ದೇನೂ ಕೂತಿರೋದನ್ನ ಕಲಿಸೋದೇ ಆ ಇಆರ್‌ಪಿ ಥೆರಪಿ. ಭಯ ಬರುತ್ತೆ, ಎದೆ ಡವಡವ ಅನ್ನುತ್ತೆ, ನೀನು ಎದ್ದು ಹೋಗಿ ಚಿಲಕ ಮುಟ್ಟದೇ ಇದ್ರೆ ಹೊತ್ತಾದ ಮೇಲೆ ತಾನೇ ಇಳಿಯುತ್ತೆ, ಒಂದೇ ದಿನಕ್ಕಲ್ಲ, ಮಾಡ್ತಾ ಮಾಡ್ತಾ.

ಮಾತ್ರೆ ಎರಡು ವಾರಕ್ಕೇ ಏನೂ ಮಾಡ್ಲಿಲ್ಲ ಅಂತ ಬಿಸಾಕಬೇಡ. ಒಸಿಡಿಗೆ ಅದು ಸರಿಯಾಗಿ ಹಿಡಿಯೋಕೆ 8ರಿಂದ 12 ವಾರ ಬೇಕು. ಇಲ್ಲಿ ಹಾಸನದಲ್ಲಿ ಆಗ್ಲಿಲ್ಲ ಅಂದ್ರೆ ಬೆಂಗಳೂರು ನಿಮ್ಹಾನ್ಸ್‌ನಲ್ಲಿ ಒಸಿಡಿಗೇ ಅಂತ ಬೇರೆ ಕ್ಲಿನಿಕ್ ಇದೆ, ಹೋಗೋಣ. ರಾತ್ರಿ ತೀರಾ ತಡ್ಕೊಳ್ಳಕ್ಕಾಗ್ಲಿಲ್ಲ ಅಂದ್ರೆ ನನ್ನ ಎಬ್ಬಿಸು, ನನ್ನ ಹತ್ರ ಬೇಡ ಅನ್ಸಿದ್ರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಮನಸ್ಸಿನ ತೊಂದ್ರೆಗೆ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೇಳಲ್ಲ.

ಚಿಲಕ ಕೊನೆಗಿರ್ಲಿ, ಸುಲಭದ್ದು ಮೊದಲು. ನಾಳೆ ಬಚ್ಚಲಲ್ಲಿ ಸೋಪು ಒಂದೇ ಸಲ, ನಾನು ಪಕ್ಕದಲ್ಲೇ ಇರ್ತೀನಿ, ಸಿಟ್ಟು ಬಂದ್ರೆ ನನ್ನೇ ಬೈಕೋ.

ಅಮ್ಮ